ಪ್ರೋಟಾನ್ ಡಿಕ್ಕಿಗಳ ಅಧ್ಯಯನಕ್ಕೆ ಬರುವವರಿಗೆ

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ನೆಲದಡಿಯ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳು ಎದುರುಬದುರು ಬಂದು ಡಿಕ್ಕಿ ಹೊಡೆಯುತ್ತವೆ. ಅಲ್ಲಿನ ಸಿಎಂಎಸ್ ಪ್ರಯೋಗದ ದತ್ತಾಂಶದೊಡನೆ ಕೆಲಸ ಮಾಡುತ್ತಾ ಕಲಿತದ್ದರಲ್ಲಿ, ಹೊಸಬರಿಗೆ ಬೇಕಾಗುವಷ್ಟು ಇಲ್ಲಿದೆ.

1. ಹೊಸ ಕಣ ಹುಡುಕುವ ಮೊದಲು ಹಳೆಯದನ್ನು ಕಂಡುಕೊಳ್ಳಿ. ಝಡ್ ಬೋಸಾನ್ ಸಿಕ್ಕಿದ್ದು 1983ರಲ್ಲಿ. ಅದರ ದ್ರವ್ಯರಾಶಿ 91.19 ಜಿಇವಿ ಎಂದು ಚೆನ್ನಾಗಿ ಗೊತ್ತು. ಅದು ಎರಡು ಮ್ಯುವಾನ್‌ಗಳಾಗಿ ಒಡೆದಾಗ ಅವುಗಳ ಸಂವೇಗದಿಂದ ಮೂಲಕಣದ ದ್ರವ್ಯರಾಶಿ ಲೆಕ್ಕಹಾಕಿ, ಗ್ರಾಫಿನಲ್ಲಿ ಶಿಖರ ಎಲ್ಲಿ ಏಳುತ್ತದೆ ನೋಡಿ. ಅದು ಸರಿದಿದ್ದರೆ ಸಂವೇದಕಗಳ ಜೋಡಣೆ ಕದಲಿರಬಹುದು, ಕಾಂತಕ್ಷೇತ್ರದ ಲೆಕ್ಕ ತಪ್ಪಿರಬಹುದು. ಇದನ್ನು ನೋಡದೆ ಮುಂದೆ ಹೋದವರ ಫಲಿತಾಂಶವನ್ನು ನಾನು ನಂಬುವುದಿಲ್ಲ.

2. ಟ್ರಿಗರ್, ಅಂದರೆ ಯಾವ ಡಿಕ್ಕಿಯನ್ನು ಉಳಿಸಬೇಕೆಂದು ಆರಿಸುವ ವ್ಯವಸ್ಥೆಯ ಕೆಲಸವನ್ನು ಕೀಳಾಗಿ ಕಾಣಬೇಡಿ. ಸೆಕೆಂಡಿಗೆ ಸುಮಾರು 4 ಕೋಟಿ ಸಲ ಪ್ರೋಟಾನ್ ಗೊಂಚಲುಗಳು ಒಂದನ್ನೊಂದು ಹಾಯುತ್ತವೆ. ಮೊದಲ ಹಂತದ ಎಲೆಕ್ಟ್ರಾನಿಕ್ಸ್ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ತೀರ್ಮಾನಿಸಿ ಸುಮಾರು 1 ಲಕ್ಷವನ್ನು ಉಳಿಸುತ್ತದೆ. ಮುಂದೆ ಕಂಪ್ಯೂಟರುಗಳು ಅದನ್ನೂ ಸೋಸುತ್ತವೆ. ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಏನನ್ನು ಉಳಿಸಬೇಕೆಂದು ಬರೆಯುವವರೇ ಪ್ರಯೋಗ ಏನನ್ನು ಕಾಣಬಲ್ಲದು ಎಂಬುದನ್ನೂ ತೀರ್ಮಾನಿಸುತ್ತಾರೆ.

3. ಶಕ್ತಿ ಕಾಣೆಯಾಗಿದ್ದರೆ ಮೊದಲು ಉಪಕರಣವನ್ನು ಶಂಕಿಸಿ. ನ್ಯೂಟ್ರಿನೊ ತಪ್ಪಿಸಿಕೊಂಡಾಗ ಹೀಗಾಗುತ್ತದೆ. ಒಂದು ಕೆಟ್ಟ ಚಾನೆಲ್ ಕೂಡ ಹೀಗೇ ಮಾಡುತ್ತದೆ.

4. ಗ್ರಾಫಿನಲ್ಲಿ ಉಬ್ಬು ಕಂಡಾಗ ತಡೆದುಕೊಳ್ಳಿ. 2015ರ ಡಿಸೆಂಬರ್‌ನಲ್ಲಿ ಅಟ್ಲಾಸ್ ಮತ್ತು ಸಿಎಂಎಸ್ ಎರಡೂ ಪ್ರಯೋಗಗಳು ಫೋಟಾನ್ ಜೋಡಿಗಳಲ್ಲಿ 750 ಜಿಇವಿ ಆಸುಪಾಸು ಸಣ್ಣ ಏರಿಕೆಯನ್ನು ತೋರಿಸಿದವು. ಸೈದ್ಧಾಂತಿಕ ವಿಜ್ಞಾನಿಗಳು ತಿಂಗಳುಗಳಲ್ಲೇ ನೂರಾರು ಪ್ರಬಂಧ ಬರೆದರು. 2016ರ ಆಗಸ್ಟ್‌ನಲ್ಲಿ ಹೆಚ್ಚಿನ ದತ್ತಾಂಶ ಬಂದಾಗ ಅದು ಕರಗಿಹೋಯಿತು. ನೂರಾರು ಗ್ರಾಫುಗಳನ್ನು ನೋಡುವಾಗ ಒಂದೆರಡು ಕಡೆ ಇಂಥ ಏರಿಳಿತ ಬರಲೇಬೇಕು. ಅದಕ್ಕೇ ಆವಿಷ್ಕಾರವೆನ್ನಲು ಐದು ಸಿಗ್ಮಾ ಕೇಳುತ್ತೇವೆ: ಹೊಸ ಕಣವೇ ಇಲ್ಲದಿದ್ದರೆ ಅಂಥ ಏರಿಕೆ ಬರೀ ಆಕಸ್ಮಿಕವಾಗಿ ಬರುವ ಸಂಭವ ಸುಮಾರು 35 ಲಕ್ಷದಲ್ಲಿ ಒಂದು. ವಿಶ್ಲೇಷಣೆಯ ವಿಧಾನ ಪೂರ್ತಿ ನಿಗದಿಯಾಗುವವರೆಗೆ ಆಸಕ್ತಿಯ ಜಾಗದ ದತ್ತಾಂಶವನ್ನು ಮುಚ್ಚಿಡುವುದೂ ಇದೇ ಕಾರಣಕ್ಕೆ. ಕಣ್ಣೆದುರಿಗಿದ್ದರೆ ಕೈ ತಾನಾಗಿ ಅತ್ತ ವಾಲುತ್ತದೆ. 750 ಜಿಇವಿ ಏರಿಕೆಯ ಆ ಎಂಟು ತಿಂಗಳು ಎರಡೂ ಪ್ರಯೋಗಗಳು ಅದನ್ನು ಆವಿಷ್ಕಾರವೆನ್ನದೆ ಈ ನಿಯಮಕ್ಕೆ ಬದ್ಧವಾಗಿದ್ದವು ಎಂಬುದು ನನಗೆ ಹೆಮ್ಮೆಯ ವಿಷಯ. ಇದಕ್ಕೆ ವ್ಯತಿರಿಕ್ತವಾಗಿ, 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಘೋಷಣೆಯಾದಾಗ ಈ ಎರಡು ಪ್ರಯೋಗಗಳೂ ಬೇರೆಬೇರೆಯಾಗಿ 125 ಜಿಇವಿ ಸುಮಾರಿನಲ್ಲೇ ಅದನ್ನು ಕಂಡಿದ್ದವು. ಆ ಏರಿಕೆ ದತ್ತಾಂಶ ಬೆಳೆದಂತೆ ಗಟ್ಟಿಯಾಯಿತು.

5. ಉಪಕರಣ ಕಟ್ಟಿದವರನ್ನು ಮಾತಾಡಿಸಿ. ಸಿಎಂಎಸ್ ತೂಕ 14,000 ಟನ್. ಅದರ ಹೊರಗಿನ ಹ್ಯಾಡ್ರಾನ್ ಕ್ಯಾಲೊರಿಮೀಟರ್ ರೂಪುಗೊಂಡದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಮುಂದಾಳತ್ವದಲ್ಲಿ. ಯಾವ ಚಾನೆಲ್ ಯಾವಾಗ ಮೊಂಡು ಹಿಡಿಯುತ್ತದೆ ಎಂಬುದು ಕೇಬಲ್ ಎಳೆದವರಿಗೆ ಗೊತ್ತಿರುತ್ತದೆ, ಕೈಪಿಡಿಯಲ್ಲಿ ಇರುವುದಿಲ್ಲ.

6. ಒಳಗಿನ ವಿಮರ್ಶೆಗೆ ಬೇಸರಪಡಬೇಡಿ. ಪ್ರಬಂಧ ಹೊರಬೀಳುವ ಮುನ್ನ ಸಹೋದ್ಯೋಗಿಗಳು ತಿಂಗಳುಗಟ್ಟಲೆ ಪ್ರಶ್ನೆ ಕೇಳುತ್ತಾರೆ. ಸಾವಿರಾರು ಹೆಸರುಗಳು ಅದರ ಮೇಲಿರುತ್ತವೆ, ಕೇಳುವ ಹಕ್ಕು ಎಲ್ಲರಿಗೂ ಇದೆ.

7. ಜಿನೀವಾಕ್ಕೆ ಹೋಗುವವರೆಗೆ ಕಾಯಬೇಡಿ. 2014ರಿಂದ ಸಿಎಂಎಸ್‌ನ ನಿಜವಾದ ಡಿಕ್ಕಿಗಳ ದತ್ತಾಂಶ ಸರ್ನ್‌ನ ಮುಕ್ತ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಪದವಿ ಕಾಲೇಜುಗಳ ಭೌತಶಾಸ್ತ್ರ ಅಧ್ಯಾಪಕರು ದಯವಿಟ್ಟು ಇದನ್ನು ಮಕ್ಕಳ ಪ್ರಾಜೆಕ್ಟಿಗೆ ಕೊಡಿ.