ಉದ್ದ ಪದಕ್ಕೆ ಬಾಲದಿಂದ ಕೈಹಾಕಿ

ನಡುವೆ ಸಿ, ಯು, ಎಲ್ ಬರುವ ಉದ್ದನೆಯ ಇಂಗ್ಲಿಷ್ ಪದ ಹುಡುಕು ಎಂದರೆ ಮಕ್ಕಳು ಡಿಕ್ಷನರಿ ತಿರುವಿ ಸೋಲುತ್ತಾರೆ. ಅದು ಮೊದಲಕ್ಷರದ ಕ್ರಮದಲ್ಲಿದೆ, ನಡುವಿನ ಅಕ್ಷರಕ್ಕೆ ದಾರಿ ತೋರಿಸದು. ಪದದ ಬಾಲ ಹಿಡಿಯುವುದೇ ಸರಿ. ಉದಾಹರಣೆಗೆ, ಚಾಮರಾಜನಗರದ ರೇಷ್ಮೆ ಕೃಷಿ ಸೆರಿಕಲ್ಚರ್, ಗುಂಡ್ಲುಪೇಟೆಯ ಚೆಂಡುಹೂವಿನ ಕೃಷಿ ಫ್ಲೋರಿಕಲ್ಚರ್. ಇಲಾಖೆಗಳ ಬೋರ್ಡಿನಲ್ಲಿ ಅಗ್ರಿಕಲ್ಚರ್, ಹಾರ್ಟಿಕಲ್ಚರ್. ನಾಲ್ಕರಲ್ಲೂ ಕೊನೆಯ 7 ಅಕ್ಷರ ಒಂದೇ. ಹೊಸದಾಗಿ ಕಲಿಯಬೇಕಾದ್ದು ಮೊದಲ 4 ಅಥವಾ 5 ಅಕ್ಷರ ಮಾತ್ರ.

ಮೊಬೈಲ್ ಕ್ಷಣದಲ್ಲಿ ಪಟ್ಟಿ ಕೊಡುವಾಗ ಈ ಶ್ರಮ ಏಕೆ ಎನ್ನಬಹುದು. ಪಟ್ಟಿ ಸಿಗುತ್ತದೆ, ನಿಜ. ಆದರೆ ಪರೀಕ್ಷಾ ಕೊಠಡಿಯಲ್ಲಿ ನೆನಪಿಗೆ ಬರುವುದು ತಾನೇ ಬಿಡಿಸಿ ಜೋಡಿಸಿದ ಪದ. ಎಲ್ಲ ಪದಕ್ಕೂ ಇಂಥ ಬಾಲ ಇರುವುದಿಲ್ಲ, ಅದೂ ಒಪ್ಪತಕ್ಕದ್ದೇ. ಆಗ ಅಪರೂಪದ ಅಕ್ಷರದಿಂದ ಹೊರಡಿ: ಕ್ಯೂ ಕೇಳಿದರೆ ಅದರ ಬೆನ್ನಿಗೆ ಸಾಮಾನ್ಯವಾಗಿ ಯು ಇದ್ದೇ ಇರುತ್ತದೆ.