ಲಿಂಗವಿಚಾರದ ಪಾಠ ಮತ್ತು ಮಂಜಮ್ಮ ಜೋಗತಿಯವರ ಬದುಕು

ವ್ಯಾಕರಣದಲ್ಲಿ ಲಿಂಗಗಳನ್ನು ಬೋಧಿಸುವ ದಿನ ಹಿಂದಿನ ಬೆಂಚಿನಿಂದ ಪಿಸುನಗೆಯೊಂದು ಕೇಳಿಬರುವುದುಂಟು. 'ನಪುಂಸಕ' ಎಂಬ ಪದವನ್ನು ಸಹಪಾಠಿಯೊಬ್ಬನಿಗೆ ಅಂಟಿಸಿದ ನಗು ಅದು. ಕೇಳಿಸದಂತೆ ಪಾಠ ಮುಂದುವರಿಸುವುದು ನಮಗೆ ಸುಲಭ. ಆದರೆ ಅದರ ಬೆಲೆ ತೆರುವವರು ಬೇರೆ. ಅಪಹಾಸ್ಯಕ್ಕೆ ಅಂಜಿ ಶಾಲೆ ಬಿಟ್ಟ ಮಗುವಿಗೆ ಅಂಕಪಟ್ಟಿಯಿಲ್ಲ, ಮುಂದೆ ಖಾಯಂ ಉದ್ಯೋಗವಿಲ್ಲ, ನಿವೃತ್ತಿವೇತನವೂ ಇಲ್ಲ. ಮನೆಯವರೂ ಕೈಬಿಟ್ಟರೆ ಮುಪ್ಪಿನಲ್ಲಿ ಆಸರೆಯಿಲ್ಲ. ಹಿರಿಯ ಲಿಂಗಾಂತರಿ ಮಹಿಳೆಯರ ಸಂಕಷ್ಟದ ಬೇರು ಹಲವೊಮ್ಮೆ ತರಗತಿಯಲ್ಲೇ ಇರುತ್ತದೆ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಜೀವನ ಇದಕ್ಕೆ ನಿದರ್ಶನ. ಹತ್ತನೆಯ ತರಗತಿಯವರೆಗೆ ಓದಿದ ಅವರು ಹುಲಿಗಿಯಲ್ಲಿ ಜೋಗತಿ ದೀಕ್ಷೆ ಪಡೆದ ಬಳಿಕ ಮನೆ ತೊರೆದರು. ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು, ಮಕ್ಕಳಿಗೆ ಮನೆಪಾಠವನ್ನೂ ಹೇಳಿದರು. ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯವನ್ನು ಅಭ್ಯಸಿಸಿ ಆ ಕಲೆಯನ್ನು ನಾಡಿನ ರಂಗಗಳಿಗೆ ಒಯ್ದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಲಿಂಗಾಂತರಿ ಅವರು. 2021ರಲ್ಲಿ ಪದ್ಮಶ್ರೀ ಸಂದಿತು. ಆದರೆ ಒಬ್ಬರ ಗೆಲುವು ಉಳಿದವರ ಅಭಾವವನ್ನು ನೀಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಸರ್ವೋಚ್ಚ ನ್ಯಾಯಾಲಯವು 2014ರ ಎಪ್ರಿಲ್ 15ರಂದು ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸುವ ಹಕ್ಕನ್ನು ಇವರಿಗೆ ಮಾನ್ಯಮಾಡಿತು. ಮರುವರ್ಷವೇ ಕೇರಳವು ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಅರ್ಧದಲ್ಲಿ ಓದು ಬಿಟ್ಟವರಿಗಾಗಿ ರಾಜ್ಯ ಸಾಕ್ಷರತಾ ಮಿಷನ್ನಿನ 'ಸಮನ್ವಯ' ಯೋಜನೆಯಿದೆ. ತಾರತಮ್ಯವಿಲ್ಲದೆ ಶಿಕ್ಷಣ ನೀಡುವುದನ್ನು 2019ರ ಕೇಂದ್ರ ಕಾಯಿದೆಯು ಅಂಗೀಕೃತ ಶಾಲೆಗಳ ಕರ್ತವ್ಯವಾಗಿಸಿದೆ.

ಶಿಕ್ಷಕರು ಕೈಗೊಳ್ಳಬೇಕಾದ ಕ್ರಮಗಳು:

1. ಕನ್ನಡದಲ್ಲಿ ನಪುಂಸಕಲಿಂಗವು ಪ್ರಾಣಿ, ವಸ್ತುಗಳನ್ನು ಸೂಚಿಸುವ ಪದಗಳಿಗೆ ಸಂಬಂಧಿಸಿದ್ದೇ ಹೊರತು ಮನುಷ್ಯರನ್ನು ಹಣಿಯುವ ಹೆಸರಲ್ಲ ಎಂದು ಪಾಠದ ಆರಂಭದಲ್ಲೇ ಸ್ಪಷ್ಟಪಡಿಸಿರಿ.

2. 'ಅವರು' ಎಂಬ ಸರ್ವನಾಮದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಗೌರವವಿದೆ. ಹಿರಿಯರನ್ನು ಹೇಗೆ ಸಂಬೋಧಿಸಬೇಕು ಎಂಬ ಚರ್ಚೆಯನ್ನು ಇಲ್ಲಿಂದ ಆರಂಭಿಸಿರಿ.

3. ಮಂಜಮ್ಮನವರ ಜೀವನವನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿಸಿರಿ.

4. ಹೀಯಾಳಿಕೆಗೆ ಗುರಿಯಾದ ಮಗುವಿನೊಡನೆ ಏಕಾಂತದಲ್ಲಿ ಮಾತನಾಡಿರಿ. ಅದರ ಗುಟ್ಟನ್ನು ತರಗತಿಯಲ್ಲಿ ಎತ್ತದಿರಿ.

ಕಚೇರಿಯ ಕಿಟಕಿಯೆದುರು ನಮ್ಮ ನುಡಿ ಅರ್ಥವಾಗದೆ ನಿಂತಾಗಿನ ಸಂಕೋಚವನ್ನು ಕಾಸರಗೋಡಿನ ಕನ್ನಡಿಗರು ಬಲ್ಲರು. ಆ ಅರಿವು ಉಳ್ಳವರ ತರಗತಿಯಲ್ಲಿ ಹಿಂದಿನ ಬೆಂಚಿನ ಆ ನಗು ಉತ್ತರವಿಲ್ಲದೆ ಉಳಿಯಬಾರದು.