ಕಂಬ ಹಳೆಯದು, ರಿಬ್ಬನ್ ಹೊಸದು

ಪ್ರಶ್ನೆ: ಇಂಗ್ಲೆಂಡಿನ ಶಾಲಾ ಮಕ್ಕಳು ಮೇ ತಿಂಗಳಲ್ಲಿ ಕಂಬಕ್ಕೆ ಕಟ್ಟಿದ ಬಣ್ಣಬಣ್ಣದ ರಿಬ್ಬನ್ ಹಿಡಿದು ಕುಣಿಯುವುದನ್ನು ವಿಡಿಯೊದಲ್ಲಿ ನೋಡಿದೆ. ನಮ್ಮ ಜಡೆ ಕೋಲಾಟದ ನೆನಪಾಯಿತು. ಈ ಕುಣಿತ ಎಲ್ಲಿಂದ ಬಂತು? ಆ ಕಂಬ ಪುರುಷಲಿಂಗದ ಸಂಕೇತ ಎನ್ನುತ್ತಾರಲ್ಲ, ನಿಜವೇ?

ಉತ್ತರ: ಮೇಪೋಲ್ ಎನ್ನುವ ಆ ಕಂಬ ಬಹಳ ಹಳೆಯದು. 14ನೇ ಶತಮಾನದ ವೇಲ್ಸ್ ಕವಿ ಗ್ರಿಫಿದ್ ಅಬ್ ಅದಾ, ಕಾಡಿನ ಬರ್ಚ್ ಮರವೊಂದನ್ನು ಕಡಿದು ಪೇಟೆಯಲ್ಲಿ ನೆಟ್ಟರಲ್ಲ ಎಂದು ಮರುಗಿ ಪದ್ಯ ಬರೆದಿದ್ದಾನೆ. ಮೇ 1ರ ಹೊತ್ತಿಗೆ ಅಲ್ಲಿ ಚಳಿ ಹಿಂದೆ ಸರಿದು ಗಿಡಮರ ಚಿಗುರಿರುತ್ತವೆ. ಊರವರು ಎತ್ತರದ ಮರ ತಂದು, ಸೊಪ್ಪು ಹೂವು ಕಟ್ಟಿ ನಿಲ್ಲಿಸಿ, ಸುತ್ತ ಕುಣಿಯುತ್ತಿದ್ದರು.

ಕಟ್ಟಾ ಧಾರ್ಮಿಕರಾದ ಪ್ಯೂರಿಟನ್ನರಿಗೆ ಇದು ವಿಗ್ರಹಾರಾಧನೆಯಂತೆ ಕಂಡಿತು. 1644ರಲ್ಲಿ ಪಾರ್ಲಿಮೆಂಟು ಕಂಬಗಳನ್ನೆಲ್ಲ ಕೀಳಿಸಲು ಆಜ್ಞೆ ಮಾಡಿತು. 1660ರಲ್ಲಿ ಪ್ಯೂರಿಟನ್ನರ ಆಳ್ವಿಕೆ ಮುಗಿದು ರಾಜ ಮರಳಿದ್ದೇ ತಡ, ಕಂಬಗಳೂ ಮರಳಿದವು. ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿಯ ಕಂಬವನ್ನೇ ಎಬ್ಬಿಸಿದರು.

ರಿಬ್ಬನ್ ಹೆಣೆಯುವ ಆಟ ಇಂಗ್ಲೆಂಡಿನಲ್ಲಿ ಜನಪ್ರಿಯವಾದದ್ದು 19ನೇ ಶತಮಾನದಲ್ಲಿ, ಅದೂ ನಾಟಕದ ರಂಗದಿಂದ. 1836ರಲ್ಲಿ ಲಂಡನ್ನಿನ ವಿಕ್ಟೋರಿಯಾ ರಂಗಮಂದಿರದ ನಾಟಕವೊಂದರಲ್ಲಿ ಅದು ಕಾಣಿಸಿಕೊಂಡಿತು. 1881ರಲ್ಲಿ ಲೇಖಕ, ಕಲಾವಿಮರ್ಶಕ ಜಾನ್ ರಸ್ಕಿನ್ ವೈಟ್‌ಲ್ಯಾಂಡ್ಸ್ ಶಿಕ್ಷಕಿಯರ ಕಾಲೇಜಿನಲ್ಲಿ ಮೇ ಉತ್ಸವ ಆರಂಭಿಸಿದ ಮೇಲೆ, ಅಲ್ಲಿ ಕಲಿತ ಶಿಕ್ಷಕಿಯರ ಮೂಲಕ ಈ ಕುಣಿತ ಶಾಲೆಗಳಿಗೆ ಹಬ್ಬಿತು. ಮಕ್ಕಳಲ್ಲಿ ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ. ಎದುರು ಬಂದವರ ರಿಬ್ಬನ್ನಿನ ಮೇಲೊಮ್ಮೆ, ಕೆಳಗೊಮ್ಮೆ ಹಾಯ್ದರೆ ಕಂಬದ ಮೇಲೆ ಜಡೆ ಇಳಿಯುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿದರೆ ಬಿಚ್ಚಿಕೊಳ್ಳುತ್ತದೆ. ಒಂದು ಮಗು ತಪ್ಪಿದರೂ ಅಲ್ಲೇ ಗಂಟು. ನಮ್ಮ ಜಡೆ ಕೋಲಾಟ ಕಲಿತವರಿಗೆ ಈ ಪಜೀತಿ ಗೊತ್ತಿದ್ದದ್ದೇ.

ಇನ್ನು ಲಿಂಗದ ಮಾತು. 1651ರಲ್ಲೇ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಈ ಕುಣಿತವನ್ನು ರೋಮನ್ನರ ಪ್ರಿಯಾಪಸ್ ದೇವರ ಮೆರವಣಿಗೆಗೆ ಜೋಡಿಸಿದ್ದ. ಮನೋವಿಶ್ಲೇಷಕ ಫ್ರಾಯ್ಡ್ ಬಂದ ಮೇಲೆ ಆ ವಾದಕ್ಕೆ ಇನ್ನಷ್ಟು ಬಲ ಬಂತು. ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಇದರಲ್ಲಿ ವೃಕ್ಷದೇವತೆಯ ಪೂಜೆಯನ್ನು ಕಂಡ. ಆದರೆ ಕುಣಿದ ಜನ ಹಾಗೆ ಭಾವಿಸಿದ್ದರು ಎನ್ನಲು ಆಧಾರವಿಲ್ಲ ಎಂದು ಇತಿಹಾಸಕಾರ ರೊನಾಲ್ಡ್ ಹಟನ್ ಖಚಿತವಾಗಿ ಹೇಳುತ್ತಾರೆ. ಬೇಸಿಗೆ ಬಂತೆಂಬ ಸಂಭ್ರಮಕ್ಕೆ ನೆಟ್ಟ ಕಂಬ ಅದು. ನನಗೂ ಅದೇ ಸರಿ ಎನಿಸುತ್ತದೆ.

ಹಳೆಯ ಬಗೆಯ ಕಂಬವನ್ನು ನೋಡುವ ಆಸೆಯಿದ್ದರೆ ಯಾರ್ಕ್‌ಷೈರಿನ ಬಾರ್ವಿಕ್-ಇನ್-ಎಲ್ಮೆಟ್ ಹಳ್ಳಿಗೆ ಹೋಗಬೇಕು. 80 ಅಡಿಗೂ ಎತ್ತರದ ಕಂಬವನ್ನು ಮೂರು ವರ್ಷಕ್ಕೊಮ್ಮೆ ಇಳಿಸಿ, ಬಣ್ಣ ಬಳಿದು, ಹೂಮಾಲೆ ಕಟ್ಟಿ, ಊರವರೇ ಮತ್ತೆ ಎಬ್ಬಿಸುತ್ತಾರೆ.